ಆರಿದ ದೀಪ ಹೇಳುವ ಸುದ್ದಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಯಾವ ತೋಟಕ್ಕಾದರೂ ಇಳಿದು, ಪಂಪ್‌ಸೆಟ್ ಮನೆಯ ಬಾಗಿಲು ತೆಗೆಸಿ ನೋಡಿ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಮೂರು ಪುಟಾಣಿ ಬಲ್ಬುಗಳು ಸಾಲಾಗಿ ಕೂತಿರುತ್ತವೆ: ಕೆಂಪು, ಹಳದಿ, ನೀಲಿ. ಮೂರು ಫೇಸಿಗೆ ಮೂರು ಬಲ್ಬು. ನಡುರಾತ್ರಿ ಕರೆಂಟು ಬಂದು, ನಿದ್ದೆಗಣ್ಣಲ್ಲಿ ಎದ್ದು ಬಂದ ರೈತನೂ ಮೊದಲು ನೋಡುವುದು ಅದನ್ನೇ. ಮೂರೂ ಉರಿಯುತ್ತಿದ್ದರೆ ಹಸಿರು ಗುಂಡಿ ಒತ್ತುತ್ತಾನೆ. ಒಂದು ಆರಿದ್ದರೂ ಮಗನ ಕೈ ಹಿಡಿದು ನಿಲ್ಲಿಸುತ್ತಾನೆ: "ಒಂದು ಫೇಸು ಇಲ್ಲ ಕಣ್ಲಾ, ಹಾಕ್ಬೇಡ. ಮೋಟ್ರು ಸುಟ್ಟೋಯ್ತದೆ."

ಬೆಳಗಾದರೆ ಅದೇ ರೈತ ಎಳನೀರು ತುಂಬಿದ ಪಿಕಪ್ ಗಾಡಿಯಲ್ಲಿ ಮದ್ದೂರು ಮಾರುಕಟ್ಟೆಗೆ ಹೊರಡುತ್ತಾನೆ. ಗಾಡಿಯದು ಟರ್ಬೊ ಡೀಸೆಲ್ ಎಂಜಿನ್. ಡ್ಯಾಶ್‌ಬೋರ್ಡಿನ ಮೇಲೆ ಕಂಪನಿ ಕೊಡದ, ಆಮೇಲೆ ಕೂರಿಸಿಕೊಂಡ ಒಂದು ದುಂಡನೆಯ ಬೂಸ್ಟ್ ಗೇಜ್ ಇದೆ. ಅದರ ಪಕ್ಕ ಒಂದು ಕೆಂಪು ದೀಪ. ಟರ್ಬೊ ಒತ್ತಡ ಮಿತಿ ಮೀರಿದರೆ ಹೊತ್ತಿಕೊಳ್ಳಬೇಕಾದ ದೀಪ ಅದು. ಅದು ಆರಿದೆ, ಆದ್ದರಿಂದ ಎಲ್ಲ ಸರಿಯಿದೆ ಎಂದು ಆತ ನಿಶ್ಚಿಂತೆಯಿಂದ ಆಕ್ಸಿಲರೇಟರ್ ಒತ್ತುತ್ತಾನೆ.

ರಾತ್ರಿ ಆರಿದ ಬಲ್ಬನ್ನು ನೋಡಿ ಹೆದರಿದವನು ಬೆಳಗ್ಗೆ ಆರಿದ ಬಲ್ಬನ್ನು ನೋಡಿ ಧೈರ್ಯ ತಂದುಕೊಂಡಿದ್ದಾನೆ. ಇವೆರಡರಲ್ಲಿ ಯಾವುದು ಸರಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಒಂದು ಗೇಜಿನ ಹಿಂದಿನ ನಾಲ್ಕು ವೈರುಗಳಲ್ಲಿ ಗಾಳಿಯ ತೂಕ, ತಾಮ್ರದ ಗುಣ, ರೈಲಿನ ಬ್ರೇಕು ಎಲ್ಲವೂ ಸಿಕ್ಕುತ್ತವೆ.

ಹೊಗೆ ತಿರುಗಿಸುವ ಚಕ್ರ

ಒಲೆ ಚೆನ್ನಾಗಿ ಉರಿಯಬೇಕಾದರೆ ಊದುಗೊಳವೆ ಬೇಕು. ಎಂಜಿನ್ನೂ ಒಂದು ಒಲೆಯೇ. ಹೆಚ್ಚು ಡೀಸೆಲ್ ಸುರಿದ ಮಾತ್ರಕ್ಕೆ ಹೆಚ್ಚು ಶಕ್ತಿ ಬರುವುದಿಲ್ಲ, ಅದನ್ನು ಸುಡಲು ತಕ್ಕಷ್ಟು ಗಾಳಿಯೂ ಬೇಕು. ಗಾಳಿ ಸಾಲದಿದ್ದರೆ ಅರೆಬೆಂದ ಡೀಸೆಲ್ ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಈ ಗಾಳಿಯದೇ. ಎಂಜಿನ್ನಿನಿಂದ ಸುಮ್ಮನೆ ಹೊರಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಕಸುವಿದೆ. ಅದರ ದಾರಿಯಲ್ಲಿ ಒಂದು ರೆಕ್ಕೆಯ ಚಕ್ರ ಇಟ್ಟರೆ ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಗೆ ಮತ್ತೊಂದು ಚಕ್ರ ಕೂರಿಸಿದರೆ ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಗೆ ತುರುಕುತ್ತದೆ. ಬಿಸಾಡುವ ಹೊಗೆಯಿಂದಲೇ ಊದುಗೊಳವೆ ಆಯಿತು. ಆದರೆ ಆ ಬಿಸಿಯನ್ನೂ ವೇಗವನ್ನೂ ತಡೆಯುವ ಲೋಹ, ಬೇರಿಂಗು ಒದಗಿ ಬರಲು ವರ್ಷಗಳೇ ಹಿಡಿದವು. 1925ರಲ್ಲಿ ಬ್ಯೂಖಿ ಹತ್ತು ಸಿಲಿಂಡರಿನ ದೊಡ್ಡ ಡೀಸೆಲ್ ಎಂಜಿನ್ನಿಗೆ ಟರ್ಬೊ ಕೂರಿಸಿದಾಗ ಅದರ ಶಕ್ತಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಇವತ್ತು ನಮ್ಮ ಪಿಕಪ್ಪಿನೊಳಗೆ ಹಿಡಿಯಷ್ಟು ದೊಡ್ಡದಿರುವ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ದಾಟಿ ತಿರುಗುತ್ತದೆ. ಚಾಲಕರು "ಸೀಟಿ ಹೊಡೀತದೆ" ಎನ್ನುವುದು ಇದರ ಸದ್ದಿಗೇ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಕೈಗೆ ಚುರುಕ್ ಎನ್ನುವುದು ನೆನಪಿದೆಯಲ್ಲ? 35 ಡಿಗ್ರಿಯ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಲೆಕ್ಕದ ಪ್ರಕಾರವೇ ಅದರ ಬಿಸಿ 100 ಡಿಗ್ರಿ ಮುಟ್ಟುತ್ತದೆ. ನಿಜವಾದ ಟರ್ಬೊದಲ್ಲಿ ಇನ್ನೂ ಮೂವತ್ತು ಡಿಗ್ರಿಯಷ್ಟು ಜಾಸ್ತಿ. ಬಿಸಿ ಗಾಳಿ ಹಿಗ್ಗಿರುತ್ತದೆ, ಅದರಲ್ಲಿ ಆಮ್ಲಜನಕ ವಿರಳ. ಅದಕ್ಕೇ ನಡುವೆ ಇಂಟರ್‌ಕೂಲರ್ ಎಂಬ ತಂಪುಗೂಡು. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ದಪ್ಪನೆಯ ರಬ್ಬರ್ ಹೋಸ್‌ಗಳು. ಈ ಹೋಸ್ ಸೀಳಿದರೆ ಒತ್ತಡ ಸೋರಿ ಗಾಡಿಗೆ "ಪಿಕಪ್ ಇಲ್ಲ", ಹಿಂದೆ ಕರಿ ಹೊಗೆ. ಒತ್ತಡವನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಎಂಬ ಕದ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಕಥೆ ತಿರುವುಮುರುವು. ಒತ್ತಡ ಏರುತ್ತಲೇ ಹೋಗಿ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟಿಗೂ ಪಿಸ್ಟನ್ನಿಗೂ ಕುತ್ತು. ಬೂಸ್ಟ್ ಗೇಜ್ ಬೇಕೆನಿಸುವುದು ಈ ಎರಡು ಕೇಡುಗಳ ನಡುವೆ ಗಾಡಿ ಎಲ್ಲಿದೆ ಎಂದು ತಿಳಿಯುವುದಕ್ಕೆ.

ಸೊನ್ನೆ ಎಲ್ಲಿದೆ?

ಟೈರಿಗೆ ಗಾಳಿ ಹಾಕುವವರು "ಮೂವತ್ತು ಪೌಂಡ್ ಹಾಕಲಾ?" ಎನ್ನುತ್ತಾರಲ್ಲ, ಅದೇ ಅಳತೆ ಇಲ್ಲಿಯೂ. ಚದರ ಅಂಗುಲಕ್ಕೆ ಇಷ್ಟು ಪೌಂಡ್. 14.5 ಪೌಂಡ್ ಅಂದರೆ ಒಂದು ಬಾರ್. ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನ ನೀರು ತಳದ ನಲ್ಲಿಯ ಮೇಲೆ ಹೇರುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ.

ಈ ಒತ್ತಡವನ್ನು ಮುಳ್ಳಿಗೆ ಮುಟ್ಟಿಸುವ ಹಳೆಯ ಉಪಾಯ ಫ್ರಾನ್ಸಿನ ಯೂಜೀನ್ ಬುರ್ದೋನ್‌ನದು. 1849ರಲ್ಲಿ ಆತ ಪೇಟೆಂಟ್ ಪಡೆದ ಗೇಜಿನೊಳಗೆ ಚಪ್ಪಟೆಯಾದ ಒಂದು ಲೋಹದ ಕೊಳವೆ ಕುಡುಗೋಲಿನಂತೆ ಬಾಗಿರುತ್ತದೆ. ಒಂದು ತುದಿ ಮುಚ್ಚಿದೆ. ಇನ್ನೊಂದು ತುದಿಯಿಂದ ಒತ್ತಡ ಬಂದರೆ ಕೊಳವೆ ಚೂರು ನೆಟ್ಟಗಾಗಲು ನೋಡುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ, ಹಾವಿನಂತೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಇದೆಯಲ್ಲ, ಅದರದೇ ಲೋಹದ ಅಣ್ಣ. ಆ ಸಣ್ಣ ಚಲನೆಯನ್ನು ಹಲ್ಲುಚಕ್ರ ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತದೆ.

ಮಂಡ್ಯದವರಿಗೆ ಗೇಜು ಹೊಸ ವಸ್ತುವಲ್ಲ. 1933ರಲ್ಲಿ ಇಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದಾಗಿನಿಂದ ಬಾಯ್ಲರ್ ಕಾಯುವವರ ಕಣ್ಣು ಮುಳ್ಳಿನ ಮೇಲೆಯೇ. ಆಲೆಮನೆಯಲ್ಲಿ ಕಬ್ಬಿನ ಹಾಲು ತೆರೆದ ಕೊಪ್ಪರಿಗೆಯಲ್ಲಿ ಕುದಿದು, ಪಾಕ ಬರುವ ಹೊತ್ತಿಗೆ 115 ಡಿಗ್ರಿ ದಾಟುತ್ತದೆ, ಅದರಿಂದಲೇ ಬೆಲ್ಲಕ್ಕೆ ಆ ಬಣ್ಣ, ಆ ಘಮ. ಬಿಳಿ ಸಕ್ಕರೆಗೆ ಅಷ್ಟು ಬಿಸಿ ಆಗದು. ಕಾರ್ಖಾನೆಯಲ್ಲಿ ಪಾಕವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಒತ್ತಡ ಇಳಿದರೆ ಕುದಿಯುವ ಬಿಸಿಯೂ ಇಳಿದು, 70 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ಹೀಗೆ ಬಾಯ್ಲರಿನ ಗೇಜು ಸೊನ್ನೆಯ ಮೇಲಕ್ಕೆ ಓದಿದರೆ, ಸಕ್ಕರೆ ಪಾತ್ರೆಯದು ಸೊನ್ನೆಯ ಕೆಳಕ್ಕೆ ಓದುತ್ತದೆ.

ಟರ್ಬೊ ಇರುವ ಪೆಟ್ರೋಲ್ ಕಾರಿನ ಗೇಜು ಎರಡೂ ಕಡೆ ಓದಬೇಕು. ಕಾರು ನಿಂತಲ್ಲೇ ಸ್ಟಾರ್ಟಿನಲ್ಲಿರುವಾಗ ಥ್ರಾಟಲ್ ಎಂಬ ಗಾಳಿಯ ಕದ ಮುಚ್ಚಿರುವುದರಿಂದ ಎಂಜಿನ್ ಗಾಳಿ ಹೀರಲು ಹೆಣಗುತ್ತದೆ, ಮುಳ್ಳು ಸೊನ್ನೆಗಿಂತ ಅರ್ಧ ಬಾರಿಗೂ ಹೆಚ್ಚು ಕೆಳಗಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅಂಥ ಅಡ್ಡಗಟ್ಟು ಬಹುತೇಕ ಇಲ್ಲ. ಅದರ ಮುಳ್ಳು ಸೊನ್ನೆಯಿಂದ ಹೊರಟು ಮೇಲಕ್ಕೇ ಹೋಗುತ್ತದೆ. ಪೆಟ್ರೋಲ್ ಕಾರಿನ ಗೇಜನ್ನು ಡೀಸೆಲ್ ಪಿಕಪ್ಪಿಗೆ ಹಾಕಿ "ಕೆಳಗಿನ ಅರ್ಧ ಕೆಲಸವೇ ಮಾಡ್ತಿಲ್ಲ" ಎಂದು ಜಗಳ ತೆಗೆದರೆ ತಪ್ಪು ಗೇಜಿನದಲ್ಲ.

ಇನ್ನೊಂದು ತೊಡಕು ಇದೆ. ಸೊನ್ನೆ ಎಂದರೆ ಏನು? ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ. ಸಮುದ್ರದ ದಡದಲ್ಲಿ 1.01 ಬಾರ್ ಇರುವ ಗಾಳಿಯ ಒತ್ತಡ ಇಲ್ಲಿ 0.93 ಬಾರ್ ಮಾತ್ರ. ಬುರ್ದೋನ್ ಕೊಳವೆಯ ಹೊರಗೂ ಇದೇ ಊರ ಗಾಳಿ, ಎಂಜಿನ್ ನಿಂತಿರುವಾಗ ಒಳಗೂ ಇದೇ ಗಾಳಿ. ಆದ್ದರಿಂದ ಮುಳ್ಳಿನ ಗೇಜು ಎಲ್ಲ ಊರಲ್ಲೂ ಸೊನ್ನೆ ತೋರಿಸುತ್ತದೆ. ಆದರೆ ಎಲೆಕ್ಟ್ರಾನಿಕ್ ಗೇಜಿನ ಸೆನ್ಸರ್ ಅನೇಕ ಸಲ ನಿರ್ವಾತದಿಂದಲೇ ಎಣಿಸಿ ಪೂರ್ಣ ಒತ್ತಡವನ್ನು ಅಳೆಯುತ್ತದೆ. ಅಗ್ಗದ ಗೇಜು ಅದರಲ್ಲಿ 1.01 ಅನ್ನು ಕಣ್ಣುಮುಚ್ಚಿ ಕಳೆದುಬಿಡುತ್ತದೆ. ಅಂಥ ಗೇಜು ಹಾಕಿದ ಮದ್ದೂರಿನ ಎಳನೀರು ಲಾರಿ ಮುಂಬೈ ತಲುಪಿ ಎಂಜಿನ್ ನಿಲ್ಲಿಸಿದರೆ ಸೊನ್ನೆ. ಊರಿಗೆ ಮರಳಿ ನಿಲ್ಲಿಸಿದರೆ ಮೈನಸ್ 0.08. ಚಾಲಕ ವೈರು ಸಡಿಲವಾಗಿದೆ ಎಂದು ಡ್ಯಾಶ್‌ಬೋರ್ಡ್ ಬಿಚ್ಚಿಸುತ್ತಾನೆ. ಸಡಿಲವಾದದ್ದು ಏನೂ ಇಲ್ಲ, ಗೇಜು ದಖ್ಖನ್ ಪ್ರಸ್ಥಭೂಮಿಯ ಎತ್ತರವನ್ನು ಅಳೆದು ತೋರಿಸಿದೆ ಅಷ್ಟೆ.

ಒಂದು ಕೊಳವೆ, ನಾಲ್ಕು ವೈರು

ಗೇಜು ಕೂರಿಸುವ ಕೆಲಸ ಬಾನೆಟ್ಟಿನ ಕೆಳಗೆ ಶುರುವಾಗುತ್ತದೆ. ಒತ್ತಡವನ್ನು ಇಂಟರ್‌ಕೂಲರ್ ದಾಟಿದ ಮೇಲೆ, ಎಂಜಿನ್ನಿನ ಬಾಯಿಯ ಹತ್ತಿರ ಹಿಡಿಯಬೇಕು. ಟರ್ಬೊದ ಪಕ್ಕದಲ್ಲೇ ಹಿಡಿದರೆ ಅಂಗಡಿಯಿಂದ ಹೊರಟ ಸರಕಿನ ಲೆಕ್ಕ ಸಿಕ್ಕಿತೇ ಹೊರತು ಮನೆಗೆ ತಲುಪಿದ್ದರ ಲೆಕ್ಕ ಸಿಕ್ಕುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಸಣ್ಣ ಕೊಳವೆಗೆ ಒಂದು ಟೀ ಜಾಯಿಂಟ್ ಹಾಕಿ, ಅದರ ಮೂರನೆಯ ಕಾಲಿಗೆ ಸೆನ್ಸರ್ ಸಿಕ್ಕಿಸುತ್ತಾರೆ. ಕ್ಲಿಪ್ಪು ಬಿಗಿಯಾಗಿರಬೇಕು, ಹೋಸು ಸೈಲೆನ್ಸರಿನ ಕಡೆಯ ಬಿಸಿಯಿಂದ ದೂರವಿರಬೇಕು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ ವೈರು ನುಸುಳುವ ತೂತಿಗೆ ರಬ್ಬರ್ ಬಳೆ ಹಾಕಲೇಬೇಕು. ಬರಿಯ ತಗಡಿನ ಅಂಚು ಓಡಾಟದ ಅದುರಿಗೆ ಗರಗಸವಾಗಿ ವೈರಿನ ಪ್ಲಾಸ್ಟಿಕ್ ಕೊಯ್ಯುತ್ತದೆ.

ಇನ್ನು ವೈರುಗಳು. ಸೆನ್ಸರಿಗೆ ಹೋಗುವುದನ್ನು ಬಿಟ್ಟರೆ ಸಾಮಾನ್ಯವಾಗಿ ಗೇಜಿನ ಹಿಂದೆ ನಾಲ್ಕು ಇರುತ್ತವೆ. ಒಂದಕ್ಕೆ ಬ್ಯಾಟರಿಯಿಂದ ಸದಾ ಕರೆಂಟು ಬೇಕು, ಗೇಜಿನ ನೆನಪು ಉಳಿಯಲಿಕ್ಕೆ. ಎರಡನೆಯದಕ್ಕೆ ಕೀ ತಿರುಗಿಸಿದಾಗ ಮಾತ್ರ. ಮೂರನೆಯದು ಪಾರ್ಕಿಂಗ್ ಲೈಟಿನ ಜೊತೆಗೆ, ರಾತ್ರಿ ಬೆಳಕು ಮಂದವಾಗಲಿಕ್ಕೆ. ನಾಲ್ಕನೆಯದು ಅರ್ತು. ಬಣ್ಣ ನಂಬಿ ಸೇರಿಸಬೇಡಿ. ಒಬ್ಬ ತಯಾರಕನ ಕೆಂಪು ಇನ್ನೊಬ್ಬನ ಹಳದಿ. ಕೀ ಹಾಕಿ, ತೆಗೆದು, ಲೈಟು ಹಾಕಿ, ಆರಿಸಿ, ಮಲ್ಟಿಮೀಟರಿನಲ್ಲಿ ನೋಡಿದ್ದೇ ಸತ್ಯ. ಗಾಡಿಯ ಹಳದಿ ಕವಚದೊಳಗಿನ ವೈರುಗಳ ತಂಟೆಗಂತೂ ಹೋಗಲೇಬಾರದು, ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಎಂಜಿನ್ನಿನ ಕಂಪ್ಯೂಟರು ತನ್ನ ಸೆನ್ಸರುಗಳಿಗೆ ಕೊಡುವ 5 ವೋಲ್ಟಿನಿಂದಲೂ ಕದಿಯಬಾರದು.

"ಗೇಜಿಗೆ ಎಷ್ಟು ಮಹಾ ಕರೆಂಟು ಬೇಕು, ಫ್ಯೂಸ್ ಯಾಕಣ್ಣಾ?" ಎಂದು ಕೇಳುವವರುಂಟು. ನಿಜ, ಗೇಜು ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ. ಫ್ಯೂಸ್ ಇರುವುದು ಗೇಜನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಅರ್ಧ ಚದರ ಮಿ.ಮೀ. ದಪ್ಪದ ಮೂರು ಮೀಟರ್ ತಾಮ್ರದ ತಂತಿಯ ತಡೆ ಕೇವಲ 0.1 ಓಮ್. ಅದರ ತುದಿ ಜಾರಿ ಗಾಡಿಯ ಮೈಗೆ ತಾಗಿದರೆ 12 ವೋಲ್ಟಿನ ಬ್ಯಾಟರಿಯಿಂದ ನೂರು ಆಂಪಿಯರಿನಷ್ಟು ಕರೆಂಟು ನುಗ್ಗುತ್ತದೆ. 12ನ್ನು 100ರಿಂದ ಗುಣಿಸಿ: 1,200 ವ್ಯಾಟ್. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕರೆಂಟ್ ಒಲೆ ಹಚ್ಚಿಟ್ಟಂತೆ! ಎರಡು ಆಂಪಿಯರಿನ ಫ್ಯೂಸು ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನು ಕರಗಿ ಗಾಡಿ ಉಳಿಸುತ್ತದೆ. ಆದರೆ ಅದು ಬ್ಯಾಟರಿಯ ಕಡೆಯ ತುದಿಯಲ್ಲಿರಬೇಕು. ಗೇಜಿನ ಹತ್ತಿರ ಹಾಕಿದರೆ ನಡುವಿನ ಮೂರು ಮೀಟರ್ ವೈರು ಕಾವಲಿಲ್ಲದ ಹೊಲವಾಗುತ್ತದೆ.

ಶಿವನಸಮುದ್ರದ ಪಾಠ

ಅತಿ ಹೆಚ್ಚು ಜನ ಎಡವುವುದು ಕಪ್ಪು ವೈರಿನಲ್ಲಿ, ಅಂದರೆ ಅರ್ತಿನಲ್ಲಿ. ಇದನ್ನು ತಿಳಿಯಲು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೋಗಿ ಬರೋಣ. 1902ರಲ್ಲಿ ಅಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಿದರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು 30 ಸಾವಿರದ ಮಟ್ಟಕ್ಕೆ ಏರಿಸಿದ್ದರು. ವೋಲ್ಟೇಜ್ ಇಮ್ಮಡಿಯಾದರೆ ಅದೇ ಶಕ್ತಿಗೆ ಕರೆಂಟು ಅರ್ಧ ಸಾಕು. ಕರೆಂಟು ಅರ್ಧವಾದರೆ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 30 ಸಾವಿರದಲ್ಲಿ ದಾರಿಯಲ್ಲಿ ಒಂದು ವೋಲ್ಟ್ ಬಿದ್ದುಹೋದರೆ ಕೇಳುವವರಿಲ್ಲ.

ಗಾಡಿಯೊಳಗೆ ದೂರ ನಾಲ್ಕು ಮೀಟರ್, ಆದರೆ ಇರುವುದೇ 12 ವೋಲ್ಟ್. ಒಂದು ವೋಲ್ಟ್ ಬಿದ್ದರೆ ನೂರಕ್ಕೆ ಎಂಟು ಪಾಲು ಹೋಯಿತು. ಸೆನ್ಸರಿನದು ಇನ್ನೂ ಬಡ ಸಂಸಾರ. ಅದರ ಸಂಕೇತ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟಿನ ನಡುವೆ ಆಡುತ್ತದೆ. ಆ ನಾಲ್ಕು ವೋಲ್ಟಿನಲ್ಲಿ ಮೂರು ಬಾರ್ ಹೇಳಬೇಕೆಂದರೆ, 0.1 ವೋಲ್ಟಿನ ಏರುಪೇರು 0.075 ಬಾರ್ ಅಂದರೆ ಒಂದು ಪೌಂಡಿಗೂ ಹೆಚ್ಚಿನ ಸುಳ್ಳು.

ಆ ಸುಳ್ಳು ಎಲ್ಲಿಂದ ಬರುತ್ತದೆ? ಗಾಡಿಯ ಲೋಹದ ಮೈಯೇ ಎಲ್ಲ ಕರೆಂಟಿನ ವಾಪಸು ದಾರಿ. ಎರಡು ಹೆಡ್‌ಲೈಟು ಸೇರಿ ಹತ್ತು ಆಂಪಿಯರ್ ಎಳೆಯುತ್ತವೆ. ಅವುಗಳ ಅರ್ತ್ ಬೋಲ್ಟಿನಲ್ಲಿ ತುಕ್ಕು ಹಿಡಿದು 0.05 ಓಮ್ ತಡೆ ಬಂದಿದ್ದರೆ ಅಲ್ಲಿ ಅರ್ಧ ವೋಲ್ಟ್ ನಿಲ್ಲುತ್ತದೆ. ಸೆನ್ಸರಿನ ಕಪ್ಪು ವೈರನ್ನೂ ಅದೇ ಬೋಲ್ಟಿಗೆ ಬಿಗಿದಿದ್ದರೆ ಆ ಅರ್ಧ ವೋಲ್ಟಿನ ಬಹುಪಾಲು ಸಂಕೇತಕ್ಕೆ ಸೇರಿಕೊಳ್ಳುತ್ತದೆ. ಆಗ ಎಲೆಕ್ಟ್ರಿಷಿಯನ್ ಅಂಗಡಿಗೆ ಒಂದು ವಿಚಿತ್ರ ದೂರು ಬರುತ್ತದೆ: "ಅಣ್ಣಾ, ಲೈಟ್ ಹಾಕಿದ್ರೆ ಬೂಸ್ಟು ಏರ್ತದೆ!" ಮದ್ದು ಸರಳ. ಸೆನ್ಸರಿನ ಅರ್ತನ್ನು ಗೇಜಿನಿಂದ ಬಂದ ವೈರಿಗೇ ಸೇರಿಸಬೇಕು. ಗೇಜಿನ ಅರ್ತನ್ನು ಬಣ್ಣ ಕೆರೆದು ಹೊಳಪು ಕಾಣಿಸಿದ ಲೋಹಕ್ಕೆ, ಬೇರೆಯವರು ಹಂಚಿಕೊಳ್ಳದ ಒಂದೇ ಜಾಗದಲ್ಲಿ, ಬಿಗಿಯಾಗಿ ಕೂರಿಸಬೇಕು. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟು ಎರಡು ಮಳೆಗಾಲ ಕಾಣುವುದಿಲ್ಲ. ಬೆಸುಗೆ ಹಾಕಿ, ಇಲ್ಲವೇ ಸರಿಯಾದ ಇಕ್ಕಳದಲ್ಲಿ ಲಗ್ಸ್ ಒತ್ತಿ, ಮೇಲೆ ಸ್ಲೀವು ಏರಿಸಿ.

ಕೆಂಪು ದೀಪ ಹೊತ್ತಿಸುವುದು

ಈಗ ಎಚ್ಚರಿಕೆ ದೀಪಕ್ಕೆ ಬರೋಣ. ಸರಳ ವಿಧಾನವೆಂದರೆ ಪ್ರೆಷರ್ ಸ್ವಿಚ್ಚು. ಒಳಗೊಂದು ಪೊರೆ, ಒಂದು ಸ್ಪ್ರಿಂಗು. ಒತ್ತಡ ಸ್ಪ್ರಿಂಗನ್ನು ಗೆದ್ದಾಗ ಎರಡು ತಗಡು ಕೂಡಿಕೊಂಡು ದೀಪ ಹೊತ್ತುತ್ತದೆ. ಎಲೆಕ್ಟ್ರಾನಿಕ್ ಗೇಜಾದರೆ ಒಂದು ಹೆಚ್ಚುವರಿ ವೈರು ಬಿಟ್ಟಿರುತ್ತದೆ. ನಾವು ಗೊತ್ತುಮಾಡಿದ ಅಂಕಿ ದಾಟಿದೊಡನೆ ಗೇಜು ಆ ವೈರನ್ನು ಒಳಗಿನಿಂದ ಅರ್ತಿಗೆ ಮುಟ್ಟಿಸುತ್ತದೆ.

ಎಲ್‌ಇಡಿಯನ್ನು ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದೆ. ಎಂಜಿನ್ ಓಡುವಾಗ ಗಾಡಿಯ ವೋಲ್ಟೇಜ್ 14ರ ಹತ್ತಿರ, ಕೆಂಪು ಎಲ್‌ಇಡಿಗೆ ಬೇಕಾದದ್ದು ಎರಡು. ಉಳಿದ 12 ವೋಲ್ಟನ್ನು ಒಂದು ರೆಸಿಸ್ಟರ್ ಹೊರಬೇಕು. ಹತ್ತು ಮಿಲಿ ಆಂಪಿಯರಿನ ಬೆಳಕು ಸಾಕೆಂದರೆ 1,200 ಓಮ್. ಬಜರ್ ಕೂಗಿಸಬೇಕು, ದೊಡ್ಡ ಬಲ್ಬು ಉರಿಸಬೇಕು ಎಂದರೆ ಗೇಜಿನ ಸಣ್ಣ ವೈರಿಗೆ ಆ ಹೊರೆ ಹೊರಿಸಬಾರದು, ನಡುವೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಡಿಸುವ ರಿಲೇ ಬೇಕು. ರಿಲೇ ತಳದಲ್ಲಿ ಅಚ್ಚಾಗಿರುವ 85, 86 ಸುರುಳಿಯ ತುದಿಗಳು. 30, 87 ದೊಡ್ಡ ಕರೆಂಟಿನ ದಾರಿ. ಸುರುಳಿಯನ್ನು ಆರಿಸುವ ಕ್ಷಣದಲ್ಲಿ ಅದು ನೂರಾರು ವೋಲ್ಟ್ ಮುಟ್ಟಬಲ್ಲ ಒಂದು ಒದೆ ಕೊಡುತ್ತದೆ. ಅದನ್ನು ನುಂಗಲು ಸುರುಳಿಗೆ ಅಡ್ಡಲಾಗಿ ಒಂದು ಡಯೋಡು, ಅದರ ಬಿಳಿ ಪಟ್ಟಿ ಪ್ಲಸ್ ಕಡೆಗೆ. ಸುರುಳಿಯೇ ಸುಮಾರು 150 ಮಿಲಿ ಆಂಪಿಯರ್ ಎಳೆಯುತ್ತದೆ. ಗೇಜಿನ ವೈರು ಅಷ್ಟನ್ನು ತಾಳುತ್ತದೆಯೇ ಎಂದು ಅದರ ಜೊತೆ ಬಂದ ಚೀಟಿಯಲ್ಲಿ ನೋಡಿ.

ಎಷ್ಟಕ್ಕೆ ಹೊತ್ತಬೇಕು? ಮೊದಲ ವಾರ ದೀಪವನ್ನು ಮರೆತು ಮುಳ್ಳನ್ನು ಮಾತ್ರ ಗಮನಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಮುಳ್ಳು ಕೆಳಗೇ ತೂಕಡಿಸುತ್ತದೆ. ಲೋಡು ಹೊತ್ತು ದಿಬ್ಬ ಏರುವಾಗ ಎದ್ದು ನಿಲ್ಲುತ್ತದೆ. ಆ ಏರಿನಲ್ಲಿ ಕಂಡ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಂಡು, ಎಂಜಿನ್ ತಯಾರಕರ ಮಿತಿಯೊಳಗೆ, ಅದಕ್ಕಿಂತ ಒಂಚೂರು ಮೇಲೆ ದೀಪವನ್ನು ಗೊತ್ತುಮಾಡಿ. ತೀರ ಕೆಳಗೆ ಇಟ್ಟರೆ ಪ್ರತಿ ದಿಬ್ಬಕ್ಕೂ ಹೊತ್ತಿ, ಕೊನೆಗೆ "ತೋಳ ಬಂತು ತೋಳ" ಕಥೆಯಾಗಿ ಯಾರೂ ನೋಡದಂತಾಗುತ್ತದೆ. ಹೊತ್ತುವ ಅಂಕಿ, ಆರುವ ಅಂಕಿ ಒಂದೇ ಇರಬಾರದು. 1.3 ಬಾರಿಗೆ ಹೊತ್ತಿದ್ದು 1.2ಕ್ಕೆ ಇಳಿದ ಮೇಲೆ ಆರಲಿ. ಇಲ್ಲವಾದರೆ ಮುಳ್ಳು ಗಡಿಯಲ್ಲಿ ನಡುಗಿದಂತೆಲ್ಲ ದೀಪ ಪಟಪಟ ಮಿಟುಕುತ್ತದೆ. ಇಸ್ತ್ರಿಪೆಟ್ಟಿಗೆ ಕಾದು ಆರಿದ ಮೇಲೆ ಸ್ವಲ್ಪ ತಣ್ಣಗಾಗುವವರೆಗೂ ಮತ್ತೆ ಹೊತ್ತಿಕೊಳ್ಳದೆ ಸುಮ್ಮನಿರುವುದೂ ಇದೇ ಜಾಣ್ಮೆಯಿಂದ.

ಆರಿದ್ದು ಏಕೆ ಆರಿದೆ?

ಎಲ್ಲ ಕೂರಿಸಿಯಾಯಿತು. ದೀಪ ಆರಿದೆ. ಈ ಕತ್ತಲಿಗೆ ಎರಡು ಅರ್ಥಗಳಿವೆ. ಒತ್ತಡ ಮಿತಿಯಲ್ಲಿದೆ ಎಂಬುದು ಒಂದು. ಬಲ್ಬು ಸುಟ್ಟಿದೆ, ಫ್ಯೂಸ್ ಹೋಗಿದೆ, ಇಲಿ ವೈರು ಕಡಿದಿದೆ, ಟೀ ಜಾಯಿಂಟ್ ಕಳಚಿದೆ ಎಂಬುದು ಇನ್ನೊಂದು. ಸೀಟಿನಲ್ಲಿ ಕೂತವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಪಂಪ್‌ಸೆಟ್ಟಿನ ಬಲ್ಬು ಹಾಗಲ್ಲ. ಅಲ್ಲಿ ಉರಿಯುವುದೇ ಕ್ಷೇಮದ ಗುರುತು. ಫೇಸ್ ಹೋದರೂ ಆರುತ್ತದೆ, ಬಲ್ಬೇ ಸುಟ್ಟರೂ ಆರುತ್ತದೆ. ಬಲ್ಬು ಸುಟ್ಟಿದ್ದರೆ ರೈತ ಒಂದು ರಾತ್ರಿ ಸುಮ್ಮನೆ ನೀರು ಬಿಡದೆ ಕಾಯಬಹುದು, ಅಷ್ಟೇ ನಷ್ಟ. ಮೋಟರು ಉಳಿಯುತ್ತದೆ. ಉಪಕರಣ ಕೆಟ್ಟಾಗಲೂ ಮನುಷ್ಯನನ್ನು ಎಚ್ಚರದ ಕಡೆಗೇ ತಳ್ಳುವ ಏರ್ಪಾಡು ಅದು.

ಈ ಜಾಣತನವನ್ನು ರೈಲಿನವರು ಬಹಳ ಹಿಂದೆಯೇ ಕಲಿತರು. ಹಿಂದೆ ಮದ್ದೂರು ನಿಲ್ದಾಣದಲ್ಲಿ ವಡೆ ಕೊಳ್ಳಲು ಜನ ಮುಗಿಬೀಳುತ್ತಿದ್ದ ಕಾಲದ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಕೊಳವೆ. ಅದರೊಳಗಿನ ಗಾಳಿಯನ್ನು ಹೊರಗೆಳೆದರೆ ಮಾತ್ರ ಬ್ರೇಕು ಬಿಡುತ್ತದೆ. ಗಾಳಿ ಒಳಹೊಕ್ಕರೆ ಹಿಡಿಯುತ್ತದೆ. ಚೈನು ಎಳೆದರೂ ಗಾಳಿ ನುಗ್ಗುತ್ತದೆ, ಕೊಳವೆ ಒಡೆದರೂ ನುಗ್ಗುತ್ತದೆ, ಡಬ್ಬಿಯ ಕೊಂಡಿ ಕಳಚಿದರೂ ನುಗ್ಗುತ್ತದೆ. ಏನೇ ಕೆಟ್ಟರೂ ರೈಲು ನಿಲ್ಲುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಹಳಿಯ ವಿದ್ಯುತ್ ಸರ್ಕಿಟ್ಟಿನ ಗುಟ್ಟೂ ಇದೇ. ಹಳಿಯ ಮೂಲಕ ಸದಾ ಕರೆಂಟು ಹರಿಯುತ್ತಿದ್ದರೆ ಮಾತ್ರ ಸಿಗ್ನಲ್ ಹೋಗು ಎನ್ನುತ್ತದೆ. ಅಲ್ಲಿ ರೈಲು ಬಂದು ನಿಂತರೂ, ತಂತಿ ಹರಿದರೂ, ಬ್ಯಾಟರಿ ಸತ್ತರೂ ಅದು ನಿಲ್ಲು ಎನ್ನುತ್ತದೆ.

ನಿಮ್ಮ ಗಾಡಿಯಲ್ಲಿ ಕಂಪನಿಯೇ ಕೊಟ್ಟ ಆಯಿಲ್ ದೀಪವನ್ನು ಗಮನಿಸಿ. ಎಣ್ಣೆಯ ಒತ್ತಡ ಇಲ್ಲದಾಗ ಅದರ ಸ್ವಿಚ್ಚು ಕೂಡಿರುತ್ತದೆ. ಹಾಗಾಗಿ ಕೀ ತಿರುಗಿಸಿದ ಕೂಡಲೇ ದೀಪ ಹೊತ್ತುತ್ತದೆ, ಎಂಜಿನ್ ಸ್ಟಾರ್ಟಾದ ಮೇಲೆ ಆರುತ್ತದೆ. ದಿನಾ ಬೆಳಗ್ಗೆ ಅದು "ನಾನು ಬದುಕಿದ್ದೇನೆ" ಎಂದು ಹೇಳಿಯೇ ಸುಮ್ಮನಾಗುವುದು. ಸೆನ್ಸರಿನ ಸಂಕೇತ ಸೊನ್ನೆಯ ಬದಲು 0.5 ವೋಲ್ಟಿನಿಂದ ಹೊರಡುವುದರ ಹಿಂದೆಯೂ ಇದೇ ಯೋಚನೆ ಇದೆ. ಒತ್ತಡ ಸೊನ್ನೆಯಾದರೂ ಅರ್ಧ ವೋಲ್ಟ್ ಇರಬೇಕು, ನಿಜವಾಗಿ ಸೊನ್ನೆ ವೋಲ್ಟ್ ಬಂತೆಂದರೆ ವೈರು ಹರಿದಿದೆ ಎಂದೇ ಅರ್ಥ. ಒಳ್ಳೆಯ ಗೇಜು ಆಗ ಅಂಕಿ ತೋರಿಸದೆ ದೋಷದ ಗುರುತು ತೋರಿಸುತ್ತದೆ.

ಆಮೇಲೆ ಕೂರಿಸಿದ ಬೂಸ್ಟ್ ದೀಪಕ್ಕೆ ಈ ಬುದ್ಧಿ ತಾನಾಗಿ ಬರುವುದಿಲ್ಲ, ನಾವೇ ಕೊಡಬೇಕು. ಕೀ ಹಾಕಿದಾಗ ಎರಡು ಸೆಕೆಂಡು ದೀಪ ಹೊತ್ತಿಸಿ ಆರಿಸುವ ಗೇಜನ್ನೇ ಆರಿಸಿಕೊಳ್ಳಬಹುದು. ಪ್ರೆಷರ್ ಸ್ವಿಚ್ಚಾದರೆ ಅದಕ್ಕೆ ಸಮಾನಾಂತರವಾಗಿ ಒಂದು ಒತ್ತುಗುಂಡಿ ಹಾಕಿಸಿ. ಗುಂಡಿಯ ಎರಡು ವೈರನ್ನು ಡ್ಯಾಶ್‌ಬೋರ್ಡಿನ ಹಿಂದೆ ಅರ್ಧದಾರಿಯಲ್ಲಿ ಸೇರಿಸದೆ ಸ್ವಿಚ್ಚಿನ ಬುಡದವರೆಗೂ ಒಯ್ದು ಸೇರಿಸಬೇಕು. ಆಗ ಮಾತ್ರ ಒಂದು ಒತ್ತಿಗೆ ಫ್ಯೂಸು, ವೈರು, ಬಲ್ಬು ಮೂರರ ಪರೀಕ್ಷೆಯೂ ಆಗುತ್ತದೆ. ಅಷ್ಟಾದರೂ ಒಂದು ಕುರುಡು ಉಳಿಯುತ್ತದೆ: ಟೀ ಜಾಯಿಂಟಿನ ಹೋಸು ಕಳಚಿದ್ದರೆ ಗುಂಡಿ ಅದನ್ನು ಹೇಳಲಾರದು. ಅದನ್ನು ಮುಳ್ಳೇ ಹೇಳಬೇಕು. ದಿಬ್ಬದಲ್ಲಿ ದಿನವೂ ಏಳುತ್ತಿದ್ದ ಮುಳ್ಳು ಇವತ್ತು ಏಳಲಿಲ್ಲವೆಂದರೆ ಬಾನೆಟ್ ಎತ್ತಿ ನೋಡುವ ಹೊತ್ತು ಬಂದಿದೆ.

ಗೇಜಿಗೂ ಮಿತಿ ಇದೆ. ಅದು ಅಳೆಯುವುದು ಒತ್ತಡವನ್ನೇ ಹೊರತು ಹರಿದು ಹೋದ ಗಾಳಿಯನ್ನಲ್ಲ. ಎಂಜಿನ್ನಿನ ಬಾಯಲ್ಲಿ ಮಸಿ ಕಟ್ಟಿ ದಾರಿ ಕಿರಿದಾಗಿದ್ದರೆ ಒಳಗೆ ಹೋಗುವ ಗಾಳಿ ಕಡಿಮೆಯಾದರೂ ಹಿಂದೆ ಒತ್ತಡ ಹೆಚ್ಚೇ ಕಾಣಬಹುದು, ಬೆರಳಿಟ್ಟು ಅರ್ಧ ಮುಚ್ಚಿದ ನಲ್ಲಿಯ ಹಾಗೆ. ಮುಳ್ಳು ಮೇಲಿದ್ದ ಮಾತ್ರಕ್ಕೆ ಎಂಜಿನ್ ಗಟ್ಟಿಮುಟ್ಟಾಗಿದೆ ಎಂದಲ್ಲ.

ಹಾಗಾದರೆ ನಮ್ಮ ರೈತನ ಎರಡು ನಂಬಿಕೆಗಳಲ್ಲಿ ಸರಿಯಾದದ್ದು ರಾತ್ರಿಯದು. ಪಂಪ್‌ಸೆಟ್ ಮನೆಯಲ್ಲಿ ಆರಿದ ಬಲ್ಬನ್ನು ಆತ ಅನುಮಾನಿಸಿದ. ಗಾಡಿಯಲ್ಲಿ ಆರಿದ ದೀಪವನ್ನು ಪರೀಕ್ಷಿಸದೆ ನಂಬಿದ. ನಿಮ್ಮ ಗಾಡಿಯಲ್ಲಿ ಇಂಥ ದೀಪವಿದ್ದರೆ ನಾಳೆ ಬೆಳಗ್ಗೆ ಹೊರಡುವ ಮೊದಲು ಅದನ್ನು ಒಮ್ಮೆ ಹೊತ್ತಿಸಿ ನೋಡಿ. ಹೊತ್ತಿಸಿ ನೋಡುವ ದಾರಿಯೇ ಇಲ್ಲದಂತೆ ಕೂರಿಸಿದ್ದರೆ ಮತ್ತೆ ಅಂಗಡಿಗೆ ಹೋಗಿ ಆ ಗುಂಡಿಯೊಂದನ್ನು ಹಾಕಿಸಿಕೊಳ್ಳಿ.